ಭೀಮಸೇನ ಜೋಶಿಯವರಂಥ ದನಿ ಬರಬೇಕಾದರೆ ದಿನಕ್ಕೆ ಎಷ್ಟು ತಾಸು ರಿಯಾಜ್ (ಹಾಡಿನ ಅಭ್ಯಾಸ) ಮಾಡಬೇಕು?

ಮೊಬೈಲಿನಲ್ಲಿ ಅವರ ಹಾಡು ಹಚ್ಚಿಕೊಂಡು ಜೊತೆಗೇ ಹಾಡುತ್ತೇನೆ, ಗುರುಗಳು ಬೇಡ ಅನ್ನುತ್ತಾರೆ, ನಾಲ್ಕು ತಾಸು ಸಾಕೇ ಅಂತ ಕೇಳಿದ್ದೀರಿ. ಓದುತ್ತಲೇ ನನ್ನ ಕೈ ಗಂಟಲಿಗೆ ಹೋಯಿತು.

ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನೂ ಹೀಗೇ ಇದ್ದೆ. ನನ್ನದು ಅವರ ಶುದ್ಧ ಕಲ್ಯಾಣ ರಾಗದ ರೆಕಾರ್ಡಿಂಗ್. ಬೆಳಿಗ್ಗೆ ಐದಕ್ಕೆ ಎದ್ದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಅವರು ತಾನ್ (ವೇಗದ ಸ್ವರಗಳ ಸಾಲು) ಎತ್ತಿದ ಕಡೆ ನಾನೂ ಎತ್ತುವುದು. ಕೈ ಬೀಸುವುದನ್ನೂ ಬಿಟ್ಟಿರಲಿಲ್ಲ! ಐದು ತಿಂಗಳಿಗೆ ಮಾತೂ ಕರಕರ ಅನ್ನತೊಡಗಿತು. ಕಫ ಅಂದುಕೊಂಡು ಬಿಸಿನೀರು ಕುಡಿದೆ. ಕೊನೆಗೆ ಡಾಕ್ಟರು ಕ್ಯಾಮೆರಾ ಇಳಿಸಿ ತೋರಿಸಿದರು: ಧ್ವನಿತಂತುಗಳ ಅಂಚಿನಲ್ಲಿ, ಎದುರುಬದುರು, ಎರಡು ಪುಟ್ಟ ಬಿಳಿ ಗಂಟು. ಮೂರು ತಿಂಗಳು ಹಾಡು ಬಂದ್. ಮೊದಲ ಎರಡು ವಾರ ಮಾತೂ ಇಲ್ಲ, ಮನೆಯಲ್ಲಿ ಚೀಟಿ ಬರೆದು ಕೊಡುತ್ತಿದ್ದೆ.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳುತ್ತೇನೆ, ಬೇಸರವಾದರೂ ಓದಿ. ಅನುಕರಣೆಯನ್ನು ನಾನು ದೂರುವುದಿಲ್ಲ. ತಪ್ಪು ತಂಬೂರಿಯ ಶ್ರುತಿಯಲ್ಲಿತ್ತು. ಆ ರೆಕಾರ್ಡಿಂಗಿಗೆ ಹೊಂದಲಿ ಅಂತ ನನ್ನ ಷಡ್ಜವನ್ನು, ಅಂದರೆ ಹಾಡಿಗೆ ಆಧಾರವಾದ 'ಸ' ಸ್ವರವನ್ನು, ಹಾರ್ಮೋನಿಯಂ ಲೆಕ್ಕದಲ್ಲಿ ಮೂರು ಮನೆ ಮೇಲಕ್ಕೆ ಏರಿಸಿದ್ದೆ. ಮೂರೇ ಮನೆ! ಮಧ್ಯ ಸಪ್ತಕದಲ್ಲಿ, ಅಂದರೆ ನಡುವಿನ ಏಳು ಸ್ವರಗಳಲ್ಲಿ, ಇದು ಗೊತ್ತೇ ಆಗುವುದಿಲ್ಲ, ದನಿಗೆ ಒಂಚೂರು ಹೊಳಪು ಬಂದ ಹಾಗೆ ಕೇಳುತ್ತದೆ. ಅಲ್ಲೇ ನಾನು ಮೋಸ ಹೋದದ್ದು. ತಾರ ಗಾಂಧಾರಕ್ಕೆ, ಅಂದರೆ ಮೇಲಿನ ಸಪ್ತಕದ 'ಗ' ಸ್ವರಕ್ಕೆ, ಹೋದಾಗ ದವಡೆ ಬಿಗಿಯುತ್ತದೆ, ಗದ್ದ ಮೇಲೇಳುತ್ತದೆ, ಕತ್ತಿನ ನರ ಉಬ್ಬುತ್ತವೆ. ನಾನು ಅದನ್ನೇ ಜೋಶ್ ಅಂದುಕೊಂಡೆ. ಜೊತೆಗೆ, ಕಿವಿಯಲ್ಲಿ ಅವರ ದನಿ ಮೊಳಗುತ್ತಿದ್ದರೆ ನಿಮ್ಮ ದನಿ ನಿಮಗೇ ಕೇಳುವುದಿಲ್ಲ. ಬೇಸುರಾದರೂ ಅವರು ಮುಚ್ಚಿಕೊಡುತ್ತಾರೆ. ಇಯರ್‌ಫೋನ್ ತೆಗೆದು ಹಾಡಿದ ದಿನ ಗುರುಗಳು ತಂಬೂರಿ ನಿಲ್ಲಿಸಿ ಕೇಳಿದ್ದು ಒಂದೇ ಮಾತು: "ಇದು ಯಾರ ಷಡ್ಜನೋ ತಮ್ಮಾ?"

ಹಾಗಾಗಿ ತಾಸಿನ ಲೆಕ್ಕ ಬಿಡಿ. ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ ನಾನು. ಸವಾಯಿ ಗಂಧರ್ವರ ಹತ್ತಿರ ಕಲಿತವರನ್ನೇ ನೋಡಿ: ಭೀಮಸೇನರು, ಗಂಗೂಬಾಯಿ ಹಾನಗಲ್, ಫಿರೋಜ್ ದಸ್ತೂರ್. ಒಬ್ಬರೇ ಗುರು, ಒಂದೇ ಕಿರಾನಾ ಘರಾನಾ (ಗಾಯನ ಪರಂಪರೆ), ಆದರೂ ಕಣ್ಣು ಮುಚ್ಚಿ ಕೇಳಿದರೂ ಯಾರು ಯಾರೆಂದು ಗೊತ್ತಾಗುತ್ತದೆ. ಗಂಗೂಬಾಯಿಯವರ ಮೊದಲ ದಿನಗಳ ರೆಕಾರ್ಡುಗಳಲ್ಲಿ ದನಿ ತೆಳು, ಎತ್ತರ. ಗಂಟಲಿನ ಚಿಕಿತ್ಸೆಯಾದ ಮೇಲೆ ಅದು ಗಂಡುದನಿಯಷ್ಟು ಗಡಸಾಯಿತು. ಅವರು ಹಳೆಯ ದನಿಯನ್ನು ಎಳೆದು ತರಲು ಹೋಗಲಿಲ್ಲ, ಹೊಸ ದನಿಗೆ ತಕ್ಕ ಷಡ್ಜದಲ್ಲಿ ಕೂತು ಆಲಾಪ ಬೆಳೆಸಿದರು.

ನಕಲು ಮಾಡಿಯೇ ದೊಡ್ಡವರಾದವರಿಲ್ಲವೇ ಅಂತ ನೀವು ಕೇಳಬಹುದು. ಕುಮಾರ ಗಂಧರ್ವರಿದ್ದಾರೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಹುಡುಗ, ದೊಡ್ಡವರ ರೆಕಾರ್ಡುಗಳನ್ನು ಕೇಳಿ ಹಾಗ್ಹಾಗೇ ಹಾಡಿ ಸಭೆಗಳನ್ನು ಬೆರಗುಗೊಳಿಸಿದವರು. ಆಮೇಲೆ ಕ್ಷಯ ಬಂತು. 1948ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋಗಿ ವರ್ಷಗಟ್ಟಲೆ ಹಾಡದೆ ಮಲಗಿ, ಮಾಳವದ ಜನಪದ ಹಾಡು ಕೇಳುತ್ತಾ ಕಳೆದರು. ಎದ್ದು ಬಂದಾಗ ಒಂದು ಶ್ವಾಸಕೋಶ ಹೋಗಿತ್ತು. ಇದ್ದಷ್ಟು ಉಸಿರಿನಲ್ಲಿ ಚುಟುಕು ಚುಟುಕಾಗಿ ಎಸೆದ ಸ್ವರಗಳೇ ಅವರ ಹಾಡುವ ಶೈಲಿಯಾದವು. ಇನ್ನು ಆ ಉಸಿರನ್ನು ನಕಲು ಮಾಡುವವರೂ ಇದ್ದಾರೆ, ಗಟ್ಟಿ ಶ್ವಾಸಕೋಶ ಇಟ್ಟುಕೊಂಡು! ಇರಲಿ.

ಭೀಮಸೇನರಂತೂ 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಕಿರಾನಾದ ಹಿರಿಯ ಗಾಯಕ ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳಿ ಮನೆ ಬಿಟ್ಟವರು. ಗ್ವಾಲಿಯರ್, ಜಲಂಧರ್ ಅಂತ ಅಲೆದು, ಕೊನೆಗೆ ಗುರು ಸವಾಯಿ ಗಂಧರ್ವರನ್ನು ಕಂಡದ್ದು ಹೊರಟ ಸೀಮೆಯಲ್ಲೇ, ಕುಂದಗೋಳದಲ್ಲಿ. ನಿಮಗೆ ಮನೆಯ ಹತ್ತಿರವೇ ಬೇಡ ಅನ್ನುವ ಗುರು ಸಿಕ್ಕಿದ್ದಾರೆ.

ನಾಳೆ ಬೆಳಿಗ್ಗೆ ಇಯರ್‌ಫೋನ್ ಬೇರೆ ಕೋಣೆಯಲ್ಲಿಡಿ. ಗುರುಗಳ ಎದುರು ಕೂತು ಮಂದ್ರ ಪಂಚಮದವರೆಗೆ (ಕೆಳಗಿನ ಸಪ್ತಕದ 'ಪ') ಇಳಿದು, ತಾರ ಪಂಚಮದವರೆಗೆ ಗದ್ದ ಎತ್ತದೆ ಹೋಗಿ ಬರುವ ಷಡ್ಜ ಯಾವುದೋ ಹುಡುಕಿ. ಅದು ಭೀಮಸೇನರ ಶ್ರುತಿಗಿಂತ ಕೆಳಗಿದ್ದರೆ ಬೇಜಾರಾಗುತ್ತದೆ. ನನಗೆ ಒಂದು ವರ್ಷ ಬೇಜಾರಾಗಿತ್ತು.

ಆ ಶುದ್ಧ ಕಲ್ಯಾಣ ನನ್ನ ಫೋನಿನಲ್ಲಿ ಇನ್ನೂ ಇದೆ. ಸಂಜೆ ಹಚ್ಚುತ್ತೇನೆ, ಬಾಯಿ ಮುಚ್ಚಿಕೊಂಡು ಕೇಳುತ್ತೇನೆ.