ಹಳೆ ಪೋಲೊ ಜಿಟಿಗೆ ಮೊದಲು ಟೈರು, ಆಮೇಲೆ ರೀಮ್ಯಾಪ್

2015ರ ಪೋಲೊ ಜಿಟಿ ಟಿಎಸ್‌ಐ, ಕೈಯಲ್ಲಿ 40,000 ರೂಪಾಯಿ, ರೀಮ್ಯಾಪ್ (ಎಂಜಿನ್ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸುವುದು) ಮೊದಲೋ, ಹೊಸ ಎಕ್ಸಾಸ್ಟ್ (ಹೊಗೆ ಕೊಳವೆ) ಮೊದಲೋ ಎಂದು ಕೇಳಿದ್ದೀರಿ. ಮಡಿಕೇರಿಯಲ್ಲಿ ಓಡಿಸುವುದಾದರೆ ಎರಡೂ ಅಲ್ಲ, ಟೈರು. ಟೈರಿನ ಪಕ್ಕದಲ್ಲಿ ಅಚ್ಚಾದ ತಯಾರಿಕೆಯ ನಾಲ್ಕಂಕಿ ನೋಡಿ: 2318 ಅಂದರೆ 2018ರ 23ನೇ ವಾರ. ಅಷ್ಟು ಹಳೆಯ ರಬ್ಬರ್ ಗಟ್ಟಿಯಾಗಿ, ಬಟನ್ ಸವೆಯದಿದ್ದರೂ ಮಳೆಯಲ್ಲಿ ಜಾರುತ್ತದೆ. 185/60 ಆರ್15 ಅಳತೆಯಲ್ಲೇ ನಾಲ್ಕೂ ಬದಲಿಸಿ.

ಜೊತೆಗೆ ಡಾಟ್ 4 ಬ್ರೇಕ್ ಆಯಿಲ್, ಒಂದು ಲೀಟರ್ ಸಾಕು. ಹಳೆಯದು ತೇವ ಹೀರಿಕೊಂಡಿದ್ದರೆ ಸಂಪಾಜೆ ಘಾಟಿ ಇಳಿಯುವಾಗ ಬಿಸಿಗೆ ಕುದಿದು ಪೆಡಲ್ ಮೆತ್ತಗಾಗುತ್ತದೆ.

ರೀಮ್ಯಾಪ್ ಆಮೇಲೆ. ಈ ಕಾರಿನ ಡಿಎಸ್‌ಜಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್) ಗೇರ್‌ಬಾಕ್ಸಿನದು ಒಣ ಕ್ಲಚ್, ಅದು ತಡೆಯುವ ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಮಿತಿ 250 ಎನ್‌ಎಂ; ರೀಮ್ಯಾಪ್ ಆ ಬಲವನ್ನೇ ಹೆಚ್ಚಿಸುತ್ತದೆ. ಏರಿನಲ್ಲಿ ನಿಂತು ಹೊರಡುವಾಗ ಕಾರು ಈಗಲೇ ಅದುರುತ್ತಿದ್ದರೆ ರೀಮ್ಯಾಪ್ ಮರೆತುಬಿಡಿ. ಎಕ್ಸಾಸ್ಟ್‌ನಿಂದ ಸಿಗುವುದು ಬಹುಪಾಲು ಸದ್ದು ಮಾತ್ರ.