ಐವತ್ತರ ಮೇಲಿನ ಆಟಕ್ಕೆ ಎರಡು ಪುಟ ಯಾಕೆ?

ಉಡುಪಿ ಕಡಿಯಾಳಿಯ ಓದುಗರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯಲ್ಲಿ ಜರ್ಮನಿಯ ಗಾಲ್ಫ್ ಆಟಗಾರ ಬರ್ನ್‌ಹಾರ್ಡ್ ಲ್ಯಾಂಗರ್ ಬಗ್ಗೆ ಎರಡು ಪುಟ ಹಾಕಿದಿರಿ. ಸೀನಿಯರ್ ಟೂರ್ ಅಂದರೆ ಐವತ್ತು ದಾಟಿದ ಹಣವಂತರು ಮೂರು ದಿನ ಗಾಡಿಯಲ್ಲಿ ಕೂತು ಆಡುವ ಆಟ. ಎಷ್ಟು ಕೆಟ್ಟದಾಗಿ ಆಡಿದರೂ ಯಾರನ್ನೂ ಹೊರಗೆ ಹಾಕುವುದಿಲ್ಲ. ಇದು ಹಳೆಯ ಹೆಸರಿಗೆ ಕೊಡುವ ಪಿಂಚಣಿ ಅಲ್ವಾ? ನಮ್ಮೂರಿಗೂ ಇದಕ್ಕೂ ಏನು ಸಂಬಂಧ? ನಾನು ಬ್ಯಾಂಕಿನಿಂದ ನಿವೃತ್ತನಾಗಿ ಒಂದು ವರ್ಷವಾಯಿತು. ನಮ್ಮ ವಯಸ್ಸಿನವರು ಏನು ಮಾಡಿದರೂ ಪೇಪರಿನಲ್ಲಿ ಬರುವುದಿಲ್ಲ.”

ಪ್ರೀತಿಯ ಓದುಗರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಪ್ರತಿ ಸಲವೂ ಕೊನೆಯ ಸಾಲಿನಲ್ಲಿ ನಿಂತುಬಿಟ್ಟೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗಿದೆ.

ನೀವು ಹೇಳಿದ್ದರಲ್ಲಿ ಹೆಚ್ಚಿನದು ನಿಜ. ಅಮೆರಿಕದ ಸೀನಿಯರ್ ಟೂರ್ 1980ರಲ್ಲಿ ಶುರುವಾಯಿತು. ಈಗ ಅದರ ಹೆಸರು ಪಿಜಿಎ ಟೂರ್ ಚಾಂಪಿಯನ್ಸ್. ವಯಸ್ಸು 50 ತುಂಬಿರಬೇಕು. ಹೆಚ್ಚಿನ ಪಂದ್ಯಗಳು 3 ದಿನದವು, 54 ಹೋಲ್ (ಚೆಂಡು ಬೀಳಿಸಬೇಕಾದ ಗುಳಿ). ಕಟ್ ಇಲ್ಲ, ಅಂದರೆ ಹಿಂದೆ ಬಿದ್ದವರನ್ನು ಅರ್ಧದಲ್ಲಿ ಮನೆಗೆ ಕಳಿಸುವುದಿಲ್ಲ. ಹೆಚ್ಚಿನ ಕಡೆ ಗಾಡಿಯೂ ಉಂಟು. ಆದರೆ ಯುಎಸ್ ಸೀನಿಯರ್ ಓಪನ್ ಹಾಗಲ್ಲ. ಅಲ್ಲಿ 4 ದಿನ, 72 ಹೋಲ್. ಎರಡು ದಿನ ಕಳೆದ ಮೇಲೆ ಕಟ್ ಆಗುತ್ತದೆ.

ಪಿಂಚಣಿ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಪಿಂಚಣಿ ತಿಂಗಳಾದ ಕೂಡಲೇ ತಾನಾಗಿ ಖಾತೆಗೆ ಬರುತ್ತದೆ, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಇಲ್ಲಿ ಹಳೆಯ ಹೆಸರು ಬಾಗಿಲು ತೆರೆದು ಕೊಡಬಹುದು. ಒಳಗೆ ಉಳಿಯಬೇಕಾದರೆ ಹೆಚ್ಚಿನವರು ಈ ವರ್ಷ ಆಡಿ ಗಳಿಸಬೇಕು. ದೊಡ್ಡ ಹೆಸರಿಲ್ಲದವರು ಅರ್ಹತಾ ಪಂದ್ಯ ಆಡಿ ಬರಬೇಕು, ಅಲ್ಲಿ ಸಿಗುವ ಜಾಗ ಬೆರಳೆಣಿಕೆಯಷ್ಟು. ಜೊತೆಗೆ ಪ್ರತಿ ವರ್ಷವೂ ಆಗಷ್ಟೇ ಐವತ್ತು ತುಂಬಿದವರು ಬರುತ್ತಿರುತ್ತಾರೆ. ಅವರ ಚೆಂಡು ಜಾಸ್ತಿ ದೂರ ಹೋಗುತ್ತದೆ. ಅರವತ್ತೈದರ ಆಟಗಾರನಿಗೆ ಐವತ್ತರವನು ಎಳೆ ಹುಡುಗನೇ. ಅವನ ಎದುರು ಯಾವ ರಿಯಾಯಿತಿಯೂ ಇಲ್ಲದೆ ಆಡಬೇಕು.

ಲ್ಯಾಂಗರ್ ಅವರನ್ನೇ ನಾವು ಆರಿಸಿದ್ದಕ್ಕೆ ಕಾರಣ ಒಂದು ಪಟ್, ಅಂದರೆ ಚೆಂಡನ್ನು ಗುಳಿಯತ್ತ ಮೆಲ್ಲಗೆ ಉರುಳಿಸುವ ಹೊಡೆತ. ಜಾಗ ಸಾಲದೆ ಆ ಭಾಗವನ್ನೇ ಬಿಟ್ಟೆವು. ಅದು ನನ್ನ ತಪ್ಪು, ಈಗ ಹೇಳುತ್ತೇನೆ.

1991ರ ರೈಡರ್ ಕಪ್. ಒಂದು ಕಡೆ ಅಮೆರಿಕ, ಇನ್ನೊಂದು ಕಡೆ ಯುರೋಪ್. ಮೂರು ದಿನದ ಹೋರಾಟ ಕೊನೆಯ ಜೋಡಿಯ ಕೊನೆಯ ಹೋಲ್‌ಗೆ ಬಂದು ನಿಂತಿತ್ತು. ಲ್ಯಾಂಗರ್ ಎದುರಿಗೆ ಅಮೆರಿಕದ ಹೇಲ್ ಇರ್ವಿನ್. ಲ್ಯಾಂಗರ್ ಚೆಂಡು ಗುಳಿಯಿಂದ ಆರು ಅಡಿ ದೂರದಲ್ಲಿತ್ತು. ಅದು ಒಳಗೆ ಬಿದ್ದರೆ ಕಪ್ ಯುರೋಪಿನಲ್ಲೇ ಉಳಿಯುತ್ತಿತ್ತು. ಬೀಳಲಿಲ್ಲ. ಪಟರ್ (ಪಟ್ ಹೊಡೆಯುವ ಕೋಲು) ಹಿಡಿದುಕೊಂಡೇ ಅವರು ನೋವಿನಿಂದ ಹಿಂದಕ್ಕೆ ಬಾಗಿದ ಫೋಟೋವನ್ನು ಗಾಲ್ಫ್ ನೋಡುವವರು ಈಗಲೂ ಮರೆತಿಲ್ಲ.

ಪಟ್ ಅವರಿಗೆ ಮೊದಲಿನಿಂದಲೂ ಕಾಟ ಕೊಟ್ಟಿತ್ತು. ಹೊಡೆಯುವ ಕ್ಷಣಕ್ಕೆ ಸರಿಯಾಗಿ ಕೈ ಅದುರುವ ತೊಂದರೆ. ಗಾಲ್ಫಿನವರು ಇದಕ್ಕೆ ಯಿಪ್ಸ್ ಅನ್ನುತ್ತಾರೆ. ಸೂಜಿಗೆ ನೂಲು ಪೋಣಿಸುವಾಗ, ಇನ್ನೇನು ಒಳಗೆ ಹೋಯಿತು ಅನ್ನುವಷ್ಟರಲ್ಲಿ ಬೆರಳು ಜಾರುತ್ತದಲ್ಲ, ಹಾಗೆ. ಪಟರಿನ ಹಿಡಿಯನ್ನು ಎಡ ಮುಂಗೈಗೆ ಒತ್ತಿ ಹಿಡಿದು ಆಡಿ ನೋಡಿದರು. ಆಮೇಲೆ ಎದೆಯೆತ್ತರದ ಉದ್ದ ಪಟರಿಗೆ ಬಂದರು. 2016ರಲ್ಲಿ ಪಟರನ್ನು ಮೈಗೆ ಊರಿ ಆಡಬಾರದು ಎಂಬ ನಿಯಮ ಬಂತು. ಆಗ ಅವರಿಗೆ 58 ವರ್ಷ. ಬಿಟ್ಟುಬಿಡಲು ಅದಕ್ಕಿಂತ ಒಳ್ಳೆಯ ನೆಪ ಬೇಕಾ? ಅವರು ಅದೇ ಪಟರನ್ನು ಎದೆಯಿಂದ ಸ್ವಲ್ಪ ಆಚೆ ಹಿಡಿದು ಆಡುವುದನ್ನು ಕಲಿತರು.

2023ರಲ್ಲಿ, 65ನೇ ವಯಸ್ಸಿನಲ್ಲಿ, ವಿಸ್ಕಾನ್ಸಿನ್‌ನಲ್ಲಿ ಯುಎಸ್ ಸೀನಿಯರ್ ಓಪನ್ ಗೆದ್ದರು. ಎರಡನೆಯವರಾಗಿ ಬಂದದ್ದು ಅದೇ ರಾಜ್ಯದ ಸ್ಟೀವ್ ಸ್ಟ್ರಿಕರ್. ಅದು ಸೀನಿಯರ್ ಟೂರ್‌ನಲ್ಲಿ ಲ್ಯಾಂಗರ್ ಅವರ 46ನೇ ಗೆಲುವು. ಅಲ್ಲಿಯವರೆಗಿನ ದಾಖಲೆ 45. ಆ ದಾಖಲೆ ಇದ್ದದ್ದು ಯಾರ ಹೆಸರಿನಲ್ಲಿ ಗೊತ್ತಾ? ಹೇಲ್ ಇರ್ವಿನ್! ಆರಡಿ ಪಟ್ ತಪ್ಪಿದ ದಿನ ಎದುರಿಗೆ ನಿಂತಿದ್ದ ಅದೇ ಇರ್ವಿನ್. ನಡುವೆ ಹೋದದ್ದು 32 ವರ್ಷ.

ಮರುವರ್ಷ ಫೆಬ್ರವರಿಯಲ್ಲಿ ಟೆನಿಸ್ ಹಾಗಿನ ಪಿಕಲ್‌ಬಾಲ್ ಆಡುವಾಗ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು (ಅಕಿಲೀಸ್ ಟೆಂಡನ್) ಹರಿದುಹೋಯಿತು. ಅರವತ್ತಾರರಲ್ಲಿ ಅಂಥ ಪೆಟ್ಟು ಬಿದ್ದರೆ ನಮ್ಮ ಮನೆಗಳಲ್ಲಿ ಏನು ಹೇಳುತ್ತಾರೆ, ಹೇಳಿ? ಆದರೆ ಅದೇ ನವೆಂಬರ್‌ನಲ್ಲಿ ವರ್ಷದ ಕೊನೆಯ ಪಂದ್ಯ ಗೆದ್ದರು, 67ನೇ ವಯಸ್ಸಿಗೆ. ಕೊನೆಯ ಹೋಲ್‌ನಲ್ಲಿ ಉದ್ದದ ಒಂದು ಪಟ್ ಹಾಕಿ ಗೆದ್ದರು. 47ನೇ ಗೆಲುವು.

ನಮ್ಮೂರಿಗೂ ಇದಕ್ಕೂ ಏನು ಸಂಬಂಧ ಅಂದಿರಿ. ನೀವು ಉಡುಪಿಯವರು, ತಾಳಮದ್ದಳೆ ಕೇಳಿರುತ್ತೀರಿ. ಎಷ್ಟೋ ವೇಷಧಾರಿಗಳಿಗೆ ಒಂದು ವಯಸ್ಸಿನ ನಂತರ ಗೆಜ್ಜೆ ಕಟ್ಟಿ ದಿಗಿಣ ಹಾರಲು ಆಗುವುದಿಲ್ಲ. ಆದರೆ ಪಂಚೆ ಉಟ್ಟು, ಶಾಲು ಹೊದ್ದು ಕೂತು ಕರ್ಣನ ಅರ್ಥ ಹೇಳಲು ಶುರು ಮಾಡಿದರೆ ಎದುರು ಕೂತ ಯುವಕ ಅರ್ಥಧಾರಿ ಬೆವರುತ್ತಾನೆ. ಅದನ್ನು ಯಾರಾದರೂ ಪಿಂಚಣಿ ಅನ್ನುತ್ತಾರಾ? ಮೈಯ ಬಲ ಕಡಿಮೆಯಾದ ಮೇಲೆ ಏನು ಉಳಿದಿದೆಯೋ ಅದರಿಂದಲೇ ಗೆಲ್ಲಬೇಕು. ಸೀನಿಯರ್ ಟೂರ್‌ನಲ್ಲಿ ನನಗೆ ಕಾಣುವುದೂ ಅದೇ. ಚೆಂಡು ಮೊದಲಿನಷ್ಟು ದೂರ ಹೋಗದಿದ್ದಾಗ, ಗ್ರೀನ್‌ನ (ಗುಳಿಯ ಸುತ್ತಲಿನ ನುಣುಪು ಹುಲ್ಲಿನ) ಯಾವ ಬದಿಗೆ ಬೀಳಿಸಿದರೆ ಮುಂದಿನ ಹೊಡೆತ ಸುಲಭ ಎಂಬ ಲೆಕ್ಕವೇ ಕೈಹಿಡಿಯುತ್ತದೆ.

ಹಣವಂತರ ಆಟ ಎಂಬುದಕ್ಕೂ ಒಂದು ಮಾತು. ಆಡುವ ಜಾಗ ದುಬಾರಿ, ನಿಜ. ಆದರೆ ಲ್ಯಾಂಗರ್ ಗಾರೆ ಕೆಲಸದವರ ಮಗ. ಒಂಬತ್ತು ವರ್ಷಕ್ಕೇ ಕ್ಯಾಡಿಯಾಗಿ ಬೇರೆಯವರ ಚೀಲ ಹೊತ್ತವರು. ಅಷ್ಟು ದೂರ ಯಾಕೆ, 2009ರಲ್ಲಿ ಇಂಡಿಯನ್ ಓಪನ್ ಗೆದ್ದ ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ ಕೂಡ ಕ್ಯಾಡಿಯಾಗಿದ್ದವರೇ. ನಮ್ಮ ದೇಶದವರೂ ಈಗ ಸೀನಿಯರ್ ಪಂದ್ಯಗಳಲ್ಲಿದ್ದಾರೆ. 2007ರಲ್ಲಿ ಅಮೆರಿಕದ ದೊಡ್ಡ ಪಂದ್ಯ ಮಾಸ್ಟರ್ಸ್ ಆಡಿದ ಮೊದಲ ಭಾರತೀಯ ಜೀವ್ ಮಿಲ್ಖಾ ಸಿಂಗ್ ಅವರಿಗೆ 2021ರ ಡಿಸೆಂಬರ್‌ನಲ್ಲಿ 50 ತುಂಬಿತು. ಆಮೇಲೆ ಯುರೋಪಿನ ಲೆಜೆಂಡ್ಸ್ ಟೂರ್‌ನಲ್ಲಿ ಆಡತೊಡಗಿದರು. ಮುನಿಯಪ್ಪನವರಂತೆ ಚೀಲ ಹೊತ್ತು ಬಂದವರಿಗೆ ಐವತ್ತರ ನಂತರ ಇಲ್ಲೇ, ನಮ್ಮಲ್ಲೇ, ಹೊಟ್ಟೆ ತುಂಬುವಷ್ಟು ದೊಡ್ಡ ಟೂರ್ ಇರಬೇಕಿತ್ತು ಎಂದು ನನ್ನ ಆಸೆ. ಅಂಥದ್ದು ಇನ್ನೂ ಬೆಳೆದಿಲ್ಲ. ಇದು ನನಗೆ ನಿಜವಾಗಿ ಬೇಜಾರಿನ ವಿಷಯ.

ಮೊನ್ನೆ ಮಳೆ ಬಿಟ್ಟ ಒಂದು ಬೆಳಗ್ಗೆ ಪಿಲಿಕುಳದ ಗಾಲ್ಫ್ ಕೋರ್ಸಿಗೆ ಹೋಗಿದ್ದೆ. ಹಿರಿಯರೊಬ್ಬರು ಒಬ್ಬರೇ ಇದ್ದರು. ಪ್ಯಾಂಟನ್ನು ಮೊಣಕಾಲಿನ ಹತ್ತಿರ ಮಡಚಿದ್ದರು. ಮೂರು ಚೆಂಡು, ಒಂದು ಪಟರ್. ನಾಲ್ಕು ಹೆಜ್ಜೆ ದೂರದಿಂದ ಅದೇ ಗುಳಿಗೆ, ಮತ್ತೆ ಮತ್ತೆ. ಒದ್ದೆ ಹುಲ್ಲಿನ ಮೇಲೆ ಚೆಂಡು ಹೋದ ದಾರಿ ಗೆರೆಯಂತೆ ಕಾಣುತ್ತಿತ್ತು. ತಪ್ಪಿದಾಗ ಅವರು ಚೆಂಡನ್ನು ನೋಡಲಿಲ್ಲ. ಬಗ್ಗಿ ಆ ಗೆರೆಯನ್ನೇ ನೋಡಿದರು, ಎಲ್ಲಿ ತಿರುಗಿತು ಅಂತ. ಅಂಗೈಯಿಂದ ಹುಲ್ಲು ಸವರಿ, ನಿಲ್ಲುವ ಜಾಗವನ್ನು ಒಂದು ಬೆರಳಿನಷ್ಟು ಬದಲಿಸಿದರು. ನಾನು ಅಲ್ಲಿದ್ದ ಮುಕ್ಕಾಲು ಗಂಟೆಯೂ ಅವರು ಮಾಡಿದ್ದು ಇಷ್ಟೇ. ನೋಡುತ್ತಾ ನಿಂತ ನನಗೆ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.

ನಿಮ್ಮ ವಯಸ್ಸಿನವರ ಬಗ್ಗೆ ಪೇಪರಿನಲ್ಲಿ ಬರುವುದಿಲ್ಲ ಅಂದಿರಿ. ನಮ್ಮಲ್ಲಿ ಬರುತ್ತದೆ. ಐವತ್ತು ದಾಟಿದ ಮೇಲೂ ಪಂದ್ಯಕ್ಕೆ ಇಳಿಯುವ ನಮ್ಮ ಎರಡು ಜಿಲ್ಲೆಯವರ ಬಗ್ಗೆ ಮುಂದಿನ ಸಂಚಿಕೆಯಿಂದ ಒಂದು ಪುಟ ಇಡುತ್ತೇವೆ. ಗಾಲ್ಫ್ ಒಂದೇ ಅಲ್ಲ. ಶಟಲ್, ಚೆಸ್, ಈಜು, ಓಟ ಯಾವುದಾದರೂ ಸರಿ. ಕಡಿಯಾಳಿ ಸುತ್ತಮುತ್ತ ಅಂಥವರು ನಿಮಗೆ ಗೊತ್ತಿದ್ದರೆ ಬರೆದು ತಿಳಿಸಿ. ನೀವೇ ಆಡುತ್ತಿದ್ದರೆ ಅದನ್ನೂ ಬರೆಯಿರಿ, ನಾನೇ ಬಂದು ಮಾತಾಡಿಸುತ್ತೇನೆ.

– ಸಂಪಾದಕ, ಮಂಗಳೂರು