ನಾಲ್ಕು ನಿಮಿಷಕ್ಕೆ ನಿಲ್ಲುವ ಮಲ್ಟಿಕಾಸ್ಟ್ ವಿಡಿಯೊ

ಪ್ರಶ್ನೆ: ವಿಲ್ಯಾನ್ 10ರಲ್ಲಿರುವ (ವಿಲ್ಯಾನ್ ಅಂದರೆ ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಸರ್ವರ್‌ನಿಂದ 239.10.10.5 ಎಂಬ ಮಲ್ಟಿಕಾಸ್ಟ್ ಗ್ರೂಪಿಗೆ, ಅಂದರೆ ಕೇಳಿದವರೆಲ್ಲರಿಗೂ ಒಟ್ಟಿಗೆ, ವಿಡಿಯೊ ಕಳಿಸುತ್ತಿದ್ದೇವೆ. ಅದೇ ವಿಲ್ಯಾನ್‌ನ ಕಂಪ್ಯೂಟರ್‌ಗಳಲ್ಲಿ ಚೆನ್ನಾಗಿ ಬರುತ್ತದೆ, ಆದರೆ ನಾಲ್ಕು ನಿಮಿಷ ದಾಟುತ್ತಿದ್ದಂತೆ ನಿಂತುಬಿಡುತ್ತದೆ. ಪ್ಲೇಯರ್ ಮುಚ್ಚಿ ತೆರೆದರೆ ಮತ್ತೆ ನಾಲ್ಕು ನಿಮಿಷ ಅಷ್ಟೆ. ವಿಲ್ಯಾನ್ 20ಕ್ಕಂತೂ ಏನೂ ಬರುವುದಿಲ್ಲ. ಪಿಂಗ್ ಎಲ್ಲ ಕಡೆ ಸರಿಯಿದೆ. ಸ್ವಿಚ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ (ಗ್ರೂಪನ್ನು ಕೇಳಿದ ಪೋರ್ಟಿಗಷ್ಟೇ ವಿಡಿಯೊ ಬಿಡುವ ವ್ಯವಸ್ಥೆ) ಆಫ್ ಮಾಡಿದರೆ ವಿಲ್ಯಾನ್ 10ರಲ್ಲಿ ನಿಲ್ಲುವುದಿಲ್ಲ. ಹಾಗೇ ಬಿಡಬಹುದೇ?

ಉತ್ತರ: ದಯವಿಟ್ಟು ಬಿಡಬೇಡಿ. ಸ್ನೂಪಿಂಗ್ ಆಫ್ ಆದರೆ ಕೇಳಿದ ಪೋರ್ಟಿಗೂ ಕೇಳದ ಪೋರ್ಟಿಗೂ ವಿಡಿಯೊ ಸುರಿಯುತ್ತದೆ. ಆ ವಿಲ್ಯಾನ್‌ನಲ್ಲಿ ವೈಫೈ ಆಕ್ಸೆಸ್ ಪಾಯಿಂಟ್ ಇದ್ದರೆ ಮೊದಲು ಏದುಸಿರು ಬಿಡುವುದು ಅದೇ.

ನಿಮ್ಮ ಎರಡೂ ತೊಂದರೆಗಳ ಬೇರು ಬಹುಶಃ ಒಂದೇ: ರೂಟರ್‌ನ ವಿಲ್ಯಾನ್ 10 ಇಂಟರ್‌ಫೇಸ್‌ನಲ್ಲಿ ಪಿಐಎಂ, ಅಂದರೆ ರೂಟರ್‌ಗಳು ಮಲ್ಟಿಕಾಸ್ಟ್‌ಗೆ ದಾರಿ ಮಾಡಿಕೊಡುವ ಪ್ರೋಟೊಕಾಲ್, ಆನ್ ಆಗಿಲ್ಲ. ನಾಲ್ಕು ನಿಮಿಷದ ಲೆಕ್ಕವೇ ಇದರ ಸುಳಿವು. ಪ್ಲೇಯರ್ ತೆರೆದಾಗ ಕಂಪ್ಯೂಟರ್ ತಾನಾಗಿಯೇ ‘ಈ ಗ್ರೂಪ್ ನನಗೆ ಬೇಕು’ ಎಂಬ ಒಂದು ಐಜಿಎಂಪಿ ರಿಪೋರ್ಟ್ ಕಳಿಸುತ್ತದೆ, ಸ್ವಿಚ್ ಆ ಪೋರ್ಟನ್ನು ಗ್ರೂಪಿಗೆ ಸೇರಿಸಿಕೊಳ್ಳುತ್ತದೆ. ಆಮೇಲೆ 125 ಸೆಕೆಂಡಿಗೊಮ್ಮೆ ‘ಯಾರು ಇನ್ನೂ ಕೇಳುತ್ತಿದ್ದೀರಿ?’ ಎಂದು ವಿಚಾರಿಸುವ ಕ್ವೆರಿಯರ್ ಇರಬೇಕು. ಯಾರೂ ವಿಚಾರಿಸದಿದ್ದರೆ ಕಂಪ್ಯೂಟರ್ ಮತ್ತೆ ರಿಪೋರ್ಟ್ ಕೊಡುವುದಿಲ್ಲ. ಡೀಫಾಲ್ಟ್ ಅವಧಿಯಾದ 260 ಸೆಕೆಂಡ್ ಮುಗಿದೊಡನೆ ಸ್ವಿಚ್ ಆ ಪೋರ್ಟನ್ನು ಕೈಬಿಡುತ್ತದೆ. 260 ಅಂದರೆ ನಿಮ್ಮ ನಾಲ್ಕು ನಿಮಿಷ, ಮೇಲೆ 20 ಸೆಕೆಂಡ್.

ಸಿಸ್ಕೊ ರೂಟರ್‌ನಲ್ಲಾದರೆ ‘ಐಪಿ ಮಲ್ಟಿಕಾಸ್ಟ್-ರೂಟಿಂಗ್’ ಕೊಟ್ಟು, ವಿಲ್ಯಾನ್ 10, ವಿಲ್ಯಾನ್ 20 ಮತ್ತು ರೂಟರ್‌ಗಳ ನಡುವಿನ ಲಿಂಕ್‌ಗಳಲ್ಲೆಲ್ಲ ‘ಐಪಿ ಪಿಐಎಂ ಸ್ಪಾರ್ಸ್-ಮೋಡ್’ ಹಾಕಿ. ಕ್ವೆರಿಯರ್ ಕೆಲಸ ಅದರ ಜೊತೆಗೇ ಶುರುವಾಗುತ್ತದೆ. ಆರ್‌ಪಿ (ಕಳಿಸುವವರೂ ಕೇಳುವವರೂ ಮೊದಲು ಸಂಧಿಸುವ ರೂಟರ್) ವಿಳಾಸ ಎಲ್ಲ ರೂಟರ್‌ಗಳಲ್ಲೂ ಒಂದೇ ಇರಲಿ.

ಇಷ್ಟಾದ ಮೇಲೂ ವಿಲ್ಯಾನ್ 20ಕ್ಕೆ ಬರದಿದ್ದರೆ ಟಿಟಿಎಲ್ ನೋಡಿ; ಪ್ರತಿ ರೂಟರ್ ದಾಟುವಾಗ ಒಂದೊಂದು ಕಡಿಮೆಯಾಗುವ, ಪ್ಯಾಕೆಟ್‌ನೊಳಗಿನ ಎಣಿಕೆ ಅದು. ಅತಿ ಹೆಚ್ಚು ಸಮಯ ತಿನ್ನುವ ತಪ್ಪು ಇದು. ಪ್ರೋಗ್ರಾಂ ಬೇರೆ ಹೇಳದ ಹೊರತು ಮಲ್ಟಿಕಾಸ್ಟ್ ಪ್ಯಾಕೆಟ್ ಟಿಟಿಎಲ್ 1ರಲ್ಲೇ ಹೊರಡುತ್ತದೆ. ಮೊದಲ ರೂಟರ್ ಅದನ್ನು ಸದ್ದಿಲ್ಲದೆ ಬಿಸಾಡುತ್ತದೆ. ಮಲ್ಟಿಕಾಸ್ಟ್‌ಗೆ ಐಸಿಎಂಪಿ ದೂರು ವಾಪಸ್ ಬರುವುದಿಲ್ಲ, ಹಾಗಾಗಿ ಸರ್ವರ್‌ಗೆ ಗೊತ್ತೇ ಆಗುವುದಿಲ್ಲ. ಪಿಂಗ್ ಸರಿಯಿರುವುದೂ ಇಲ್ಲಿ ಸಾಕ್ಷಿಯಲ್ಲ, ಅದರ ಟಿಟಿಎಲ್ ಬೇರೆ. ಸರ್ವರ್‌ನಲ್ಲೇ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಅನ್ನು ‘-ವಿ’ ಆಯ್ಕೆಯೊಂದಿಗೆ ಓಡಿಸಿ, ಸಾಲಿನ ಆರಂಭದ ಆವರಣದೊಳಗೆ ‘ಟಿಟಿಎಲ್ 1’ ಕಂಡರೆ ಕಳಿಸುವ ಪ್ರೋಗ್ರಾಂನಲ್ಲಿ ಅದನ್ನು 16ಕ್ಕೆ ಏರಿಸಿ.

ಟಿಟಿಎಲ್ ಸರಿಯಿದ್ದರೆ ಉಳಿದದ್ದು ಆರ್‌ಪಿಎಫ್, ಅಂದರೆ ಪ್ಯಾಕೆಟ್ ಸರಿಯಾದ ದಿಕ್ಕಿನಿಂದ ಬಂತೇ ಎಂಬ ರೂಟರ್‌ನ ತಪಾಸಣೆ. ಸರ್ವರ್‌ಗೆ ಹಿಂದಿರುಗುವ ದಾರಿ ಯಾವ ಇಂಟರ್‌ಫೇಸ್‌ನಲ್ಲಿದೆಯೋ ಅದರಿಂದ ಬಂದ ಪ್ಯಾಕೆಟ್ ಮಾತ್ರ ರೂಟರ್‌ಗೆ ಒಪ್ಪಿಗೆ. ಎರಡು ಲಿಂಕ್ ಇದ್ದು, ಪಿಐಎಂ ಒಂದರಲ್ಲಿ ಮಾತ್ರ ಇದ್ದರೆ ಇಲ್ಲಿ ಸಿಕ್ಕಿಬೀಳುತ್ತೀರಿ. ‘ಷೋ ಐಪಿ ಆರ್‌ಪಿಎಫ್’ ಜೊತೆ ಸರ್ವರ್ ವಿಳಾಸ ಕೊಟ್ಟು, ‘ಷೋ ಐಪಿ ಎಂರೂಟ್’ನ ಒಳಬರುವ ಇಂಟರ್‌ಫೇಸ್ ಜೊತೆ ತಾಳೆ ನೋಡಿ. ಅಲ್ಲಿ ‘ನಲ್’ ಎಂದಿದ್ದರೆ, ಬಿಟ್ಟುಹೋದ ಲಿಂಕ್‌ನಲ್ಲೂ ಪಿಐಎಂ ಹಾಕಿ.

ಕೇಳುವ ಕಂಪ್ಯೂಟರ್ ಲಿನಕ್ಸ್ ಆಗಿದ್ದು ಎರಡು ನೆಟ್‌ವರ್ಕ್ ಕಾರ್ಡ್ ಇದ್ದರೆ ಇದೇ ಆಟ ಅದರೊಳಗೂ ನಡೆಯುತ್ತದೆ: ಟಿಸಿಪಿಡಂಪ್‌ನಲ್ಲಿ ಪ್ಯಾಕೆಟ್ ಕಾಣುತ್ತದೆ, ಪ್ಲೇಯರ್‌ಗೆ ತಲುಪುವುದಿಲ್ಲ. ಲಿನಕ್ಸ್‌ನಲ್ಲಿ ಈ ತಪಾಸಣೆಯ ಸೆಟ್ಟಿಂಗ್ ಆದ ‘ಆರ್‌ಪಿ_ಫಿಲ್ಟರ್’ 1 ಇದ್ದರೆ 2 ಮಾಡಿ ನೋಡಿ.

ಎಲ್ಲ ಮುಗಿದ ಮೇಲೆ ಸ್ನೂಪಿಂಗ್ ಮತ್ತೆ ಆನ್ ಮಾಡಿ, ಕನಿಷ್ಠ ಹತ್ತು ನಿಮಿಷ ವಿಡಿಯೊ ಓಡಿಸಿ. ಐದೇ ನಿಮಿಷಕ್ಕೆ ಎದ್ದುಬಿಟ್ಟರೆ 260 ಸೆಕೆಂಡ್ ದಾಟಿದ್ದು ನಿಜವೋ, ಕಾಕತಾಳೀಯವೋ ತಿಳಿಯದು.